ಹೊಸ್ತಿಲು ದಾಟಿದ ನಾಯಿಕಾಳು

ನಾಯಿಗೆ ಹಾಕುವ ಕಾಳನ್ನು ನಾನು ಒಮ್ಮೆ ತಿಂದು ನೋಡಿದ್ದೇನೆ. ಮನೆಯಲ್ಲಿ ಯಾರಿಗೂ ಹೇಳಿಲ್ಲ. ಆದರೆ ದಿನಚರಿಯಿಂದ ಏನನ್ನೂ ಬಚ್ಚಿಡುವ ಅಭ್ಯಾಸ ನನಗಿಲ್ಲ, ಹಾಗಾಗಿ ಅಲ್ಲಿ ಹೀಗೆ ಬರೆದಿದೆ: "ನವೆಂಬರ್ ೧೪, ಶುಕ್ರವಾರ, ಸಂಜೆ ಆರು ಹತ್ತು. ಕಾಳು ಒಂದು. ಉಪ್ಪಿಲ್ಲ, ಖಾರವಿಲ್ಲ, ಸಿಹಿಯಿಲ್ಲ. ಮಳೆಗಾಲದಲ್ಲಿ ಗೋಣಿಚೀಲದ ಕೆಳಗೆ ಸಿಕ್ಕಿದ ಬಿಸ್ಕೀಟಿನ ಹಾಗಿದೆ." ಅದರ ಕೆಳಗೆ ನಮ್ಮ ನಾಯಿಮರಿಯ ಬಗ್ಗೆ ಇನ್ನೊಂದು ಸಾಲು: "ಪಾವ್ಯಾ ತಿನ್ನದಿರುವುದರಲ್ಲಿ ಅವನ ತಪ್ಪಿಲ್ಲ." ನಾನು ತಿಂದದ್ದು ಹಸಿರು ಚುಕ್ಕಿಯ ಕಾಳು. ಚುಕ್ಕಿಯ ವಿಷಯ ಮುಂದೆ ಬರುತ್ತದೆ. ಈ ಕಥೆಯ ಅರ್ಧ ಭಾರ ಅದರ ಮೇಲೆಯೇ ಇದೆ.

ನಾನು ಲೆಕ್ಕದ ಹುಡುಗಿ. ಗದಗಿನ ಒಂದು ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ ಸಹಾಯಕಿ. ದಿನವಿಡೀ ಪುಡಿಗಳನ್ನು ತೂಗಿ, ನೀರುಗಳನ್ನು ಅಳೆದು, ಬಾಟಲಿಗಳಿಗೆ ಚೀಟಿ ಅಂಟಿಸುವುದು ನನ್ನ ಕೆಲಸ. ಸಂಜೆ ಬೆಟಗೇರಿಯ ಮನೆಗೆ ಬಂದ ಮೇಲೆಯೂ ಕೈ ಸುಮ್ಮನಿರುವುದಿಲ್ಲ. ನಳಕ್ಕೆ ನೀರು ಬಂದ ದಿನ, ಆಯಿ (ಅಪ್ಪನ ಅವ್ವ) ಬಡಿದ ರೊಟ್ಟಿಗಳ ಸಂಖ್ಯೆ, ಅವ್ವ ಚಷ್ಮಾ ಕಳೆದುಕೊಂಡು ಹುಡುಕಿದ ಸಲಗಳು, ಎಲ್ಲಕ್ಕೂ ನನ್ನ ಪುಸ್ತಕದಲ್ಲಿ ಗೆರೆ ಎಳೆದ ಜಾಗವಿದೆ. ಇದು ನನ್ನೊಬ್ಬಳ ರೋಗವಲ್ಲ, ಮನೆತನದ್ದು. ಅಪ್ಪ ಮಾರುಕಟ್ಟೆಯ ಅಂಗಳದಲ್ಲಿ ಕಡಲೆ, ಹೆಸರು, ಶೇಂಗಾದ ಚೀಲ ತೂಗುವವ. ಚೀಲದ ಮೇಲೆ ಅಂಗೈ ಇಟ್ಟರೆ ಸಾಕು, ಎಷ್ಟಿದೆ ಎಂದು ಹೇಳುತ್ತಾನೆ. ಕಾಟಾ ಆಮೇಲೆ ಬಂದು ಅವನ ಮಾತಿಗೆ ಸಹಿ ಹಾಕುತ್ತದೆ, ಅಷ್ಟೆ.

ಇಂಥ ಮನೆಗೆ ನವೆಂಬರ್ ಎಂಟರಂದು ಒಂದು ನಾಯಿಮರಿ ಬಂತು. ಅಡರಕಟ್ಟಿಯಲ್ಲಿ ಚಿಗವ್ವನ, ಅಂದರೆ ಅವ್ವನ ತಂಗಿಯ ಹೊಲವಿದೆ. ಅಲ್ಲಿ ಹೊಲ ಕಾಯುತ್ತಿದ್ದ ಹೆಣ್ಣುನಾಯಿ ಲಕ್ಷ್ಮೇಶ್ವರದ ರಸ್ತೆಯಲ್ಲಿ ಗಾಡಿಗೆ ಸಿಕ್ಕು ಸತ್ತಿತು. ಐದು ಮರಿಗಳಲ್ಲಿ ನಾಲ್ಕನ್ನು ಊರವರು ಎತ್ತಿಕೊಂಡು ಹೋದರು. ಎಲ್ಲಕ್ಕಿಂತ ಸಣ್ಣದೊಂದು ಉಳಿಯಿತು. ಅದನ್ನು ಚಿಗವ್ವ ಟೊಮೆಟೊ ಬುಟ್ಟಿಯಲ್ಲಿಟ್ಟು, ಮೇಲೆ ಟಾವೆಲ್ ಹೊದಿಸಿ, ಬಸ್ಸಿನಲ್ಲಿ ತಂದು ನನ್ನ ಮಡಿಲಿಗೆ ಹಾಕಿದಳು. "ನೀ ಬರಿಯೂದು ಭಾಳ ಬರೀತಿ, ಒಂದು ಜೀವಾ ಇಟಗೊಂಡು ಬರಿ," ಎಂದಳು.

ಮೊದಲು ತೂಗಿದೆವು. ಆಯಿಯ ಹಳೆಯ ಇಳಕಲ್ಲ ಸೀರೆಯ ಒಂದು ತುಂಡನ್ನು ಜೋಳಿಗೆ ಮಾಡಿ, ಅಪ್ಪನ ತೂಗುಕಾಟಾಕ್ಕೆ ಕಟ್ಟಿ, ಅದರೊಳಗೆ ಮರಿಯನ್ನು ಇಳಿಬಿಟ್ಟೆವು. ಜೋಳಿಗೆ ತೊಟ್ಟಿಲಿನಂತೆ ತಿರುಗಿತು. ಒಳಗಿಂದ ಎರಡು ಕಣ್ಣು ಹೊರಗೆ ನೋಡಿದವು, ಬೂದಿಯೊಳಗಿನ ನೀಲಿ ಬಣ್ಣದವು. ಬಟ್ಟೆಯ ತೊಂಬತ್ತು ಗ್ರಾಂ ಕಳೆದರೆ ೧ ಕೆ.ಜಿ. ೩೫೦ ಗ್ರಾಂ. ಕ್ವಿಂಟಲ್ ತೂಗುವ ಅಪ್ಪ ಕನಿಕರದಿಂದ ನೋಡಿ, "ಇದೇನ ಪಾವಸೇರ ಐತಿ," ಎಂದ. ಪಾವಸೇರು ಎಂದರೆ ಸೇರಿನ ಕಾಲುಭಾಗ. ಮಧ್ಯಾಹ್ನದ ಹೊತ್ತಿಗೆ ಪಾವಸೇರ್ಯಾ ಆದ, ಸಂಜೆಗೆ ಪಾವ್ಯಾ.

ಮರುದಿನದಿಂದ ಓಣಿಯವರು ಬಂದು ಅವನ ವಂಶ ನಿರ್ಧರಿಸತೊಡಗಿದರು. ನಮ್ಮ ಕಡೆ ಯಾವ ನಾಯಿಯ ಪಕ್ಕೆಲುಬು ಎಣಿಸಲು ಬಂದರೂ ಅದು ಮುಧೋಳ ಜಾತಿಯದೇ. ಪಾವ್ಯಾನ ಎಲುಬು ಎಣಿಸಿದವರು ಹನ್ನೊಂದು ಮಂದಿ (ಬರೆದಿಟ್ಟಿದ್ದೇನೆ), ಅವರಲ್ಲಿ ಒಂಬತ್ತು ಮಂದಿ ಮುಧೋಳ ಎಂದರು. ಅವನಿಗೆ ಎಲುಬು ಕಾಣುತ್ತಿದ್ದದ್ದು ಜಾತಿಯಿಂದಲ್ಲ, ಹಸಿವೆಯಿಂದ. ಅದು ತಿಳಿಯಲು ನನಗೆ ಒಂದು ವಾರ ಬೇಕಾಯಿತು.

ಆಯಿಗೆ ಅಂಥ ಯಾವ ಅನುಮಾನವೂ ಇರಲಿಲ್ಲ. ನಾಯಿ ಎಂದರೆ ರೊಟ್ಟಿ ತಿನ್ನುವ ಪ್ರಾಣಿ. ನಮ್ಮ ಮನೆಯಲ್ಲಿ ಹಿಟ್ಟು ನಾದುವ ಕೊಣಮಿಗೆಯ ತಳದಲ್ಲಿ ಉಳಿದ ಕೊನೆಯ ಹಿಟ್ಟನ್ನು ಕೆರೆದು ಬಡಿಯುವ ಪುಟ್ಟ ರೊಟ್ಟಿ ಬೀದಿಯ ನಾಯಿಯದು. ಅದಿಲ್ಲದೆ ಒಲೆ ಆರಿಸಿದ ದಿನ ಆಯಿಯ ಎಪ್ಪತ್ತೆಂಟು ವರ್ಷದಲ್ಲಿ ಇಲ್ಲವಂತೆ. ಒಣ ಆಹಾರದ ವಿಷಯದಲ್ಲಿ ಹೊರಗಿನವರು ನಮಗೆ ಕಲಿಸಬೇಕಾದ್ದು ಏನಿದೆ ಎಂದು ನಾನೂ ಹೆಮ್ಮೆಪಟ್ಟೆ. ಖಡಕ್ ರೊಟ್ಟಿ ತಿಂಗಳಾದರೂ ಕೆಡುವುದಿಲ್ಲ. ಬುಟ್ಟಿಯಲ್ಲಿ ಪೇರಿಸಿಟ್ಟರೆ ಮನೆಯೊಳಗೆ ಒಂದು ಕಂಬ ನಿಂತ ಹಾಗೆ. ಮುರಿದರೆ ಹಪ್ಪಳದಂತೆ ಸದ್ದು, ಹಾಲಿಗೆ ಹಾಕಿದರೆ ಮಗುವಿಗೂ ಆಗುವಷ್ಟು ಮೆತ್ತಗೆ. ಮಳೆ ಬಂದರೂ ಬಾರದಿದ್ದರೂ ಈ ಸೀಮೆಯ ಜನ ನಿಂತಿರುವುದು ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಹಚ್ಚಿದ ಒಣ ರೊಟ್ಟಿಯ ಮೇಲೆ. ಪಾವ್ಯಾ ಅದನ್ನು ಮೂಸಿದ. ಒಂದು ಚೂರನ್ನು ಬಾಯಲ್ಲಿ ಹಿಡಿದು ಅಂಗಳಕ್ಕೆ ಒಯ್ದು, ಮುಂದಿನ ಕಾಲಿನಿಂದ ತಟ್ಟಿ, ಅದು ಓಡುವುದಿಲ್ಲವೆಂದು ಖಾತ್ರಿ ಮಾಡಿಕೊಂಡು ಬಿಟ್ಟುಬಂದ. ಹಾಲಿನಲ್ಲಿ ನೆನೆಸಿದ್ದನ್ನು ಎರಡು ದಿನ ನೆಕ್ಕಿದ, ಮೂರನೆಯ ದಿನ ಹೊಟ್ಟೆ ಕೆಟ್ಟಿತು.

ಸರ್ಕಾರಿ ಪಶು ಆಸ್ಪತ್ರೆಯ ಡಾಕ್ಟರು ಜಂತಿನ ಔಷಧಿ ಕೊಟ್ಟರು. ಹಾಲು ನಿಲ್ಲಿಸಿ, ಮರಿಗಳಿಗೆಂದೇ ಮಾಡಿದ ಒಣ ಕಾಳು ತಂದು ಬಿಸಿನೀರಲ್ಲಿ ನೆನೆಸಿ ದಿನಕ್ಕೆ ನಾಲ್ಕು ಸಲ ಹಾಕಿ ಎಂದರು. ಯಾವುದು ಎಂದು ಕೇಳಿದೆ. ಒಳ್ಳೆಯದು ನೋಡಿ ತಗೊಳ್ರಿ ಎಂದು ಮುಂದಿನ ಎಮ್ಮೆಯ ಕಡೆ ತಿರುಗಿದರು.

ಒಳ್ಳೆಯದು ನೋಡಿ ತಗೊಳ್ಳುವುದು. ಇಂಥ ಮಾತು ಬೇರೆಯವರಿಗೆ ಸಲಹೆ, ನನಗೆ ಹಬ್ಬ.

ಗದಗಿನಲ್ಲಿ ಮೀನು, ಲವ್‌ಬರ್ಡ್ಸ್ ಮಾರುವ ಒಂದು ಅಂಗಡಿಯಲ್ಲಿ ನಾಯಿಕಾಳಿನ ಚೀಲಗಳು ಗೋಡೆಗೆ ಒರಗಿ ಕೂತಿದ್ದವು. ಲಕ್ಷ್ಮೇಶ್ವರದ ಒಂದು ಅಂಗಡಿಯಲ್ಲಿ ಇನ್ನೂ ಎರಡು ಬಗೆ ಇದ್ದವು. ನಾನು ಎಲ್ಲ ಚೀಲಗಳ ಬೆನ್ನಿನ ಫೋಟೋ ತೆಗೆದೆ. ಅಂಗಡಿಯವರು ಸಂಶಯದಿಂದ ನೋಡಿದರು, ಯಾವುದೋ ಇಲಾಖೆಯವಳಿರಬೇಕು ಎಂದು ಚಹಾ ತರಿಸಿದರು. ಮನೆಗೆ ಬಂದು ಏಳು ಸಾಲು, ಒಂಬತ್ತು ಅಂಕಣದ ಕೋಷ್ಟಕ ಹಾಕಿದೆ. ಹೀಗೆ ಕಲಿತದ್ದು ಕಡಿಮೆಯೇನಲ್ಲ. ಚೀಲದ ಹಿಂದೆ ಸಾಮಾನುಗಳ ಹೆಸರು ಬರೆಯುವಾಗ ಎಲ್ಲಕ್ಕಿಂತ ಹೆಚ್ಚು ತೂಕದ್ದು ಮೊದಲು ಬರುತ್ತದೆ. ಮೊದಲ ಹೆಸರೇ ಜೋಳದ ಹಿಟ್ಟಾದರೆ ಚೀಲದ ಮುಂಬದಿಯ ಚಿತ್ರದಲ್ಲಿ ಎಷ್ಟು ಹೊಳೆಯುವ ನಾಯಿ ಇದ್ದರೂ ಅದು ದುಬಾರಿ ರೊಟ್ಟಿಯೇ. ದೊಡ್ಡ ನಾಯಿಯ ಕಾಳು ಮರಿಗೆ ಸಲ್ಲದು, ಬೆಳೆಯುವ ಎಲುಬಿಗೆ ಬೇರೆ ಲೆಕ್ಕ. ಸುಣ್ಣದ ಅಂಶ ಕಡಿಮೆಯಾದರೂ ತಪ್ಪು, ವಿಪರೀತವಾದರೂ ತಪ್ಪು. ಬಾಯಿ ತೆರೆದ ದೊಡ್ಡ ಚೀಲದಿಂದ ಬಿಡಿಯಾಗಿ ತೂಗಿ ಕೊಡುವುದನ್ನು ಕೊಳ್ಳಬಾರದು, ಅದರ ಕೊಬ್ಬು ಮುಗ್ಗಲು ಹಿಡಿದಿರುತ್ತದೆ. ಕಾಳು ಹಾಲುಹಲ್ಲಿಗೆ ನಿಲುಕುವಷ್ಟು ಸಣ್ಣದಿರಬೇಕು. ಎಷ್ಟು ಹಾಕಬೇಕು ಎಂಬ ಪಟ್ಟಿಯಲ್ಲಿ ಮಾತ್ರ ಸಿಕ್ಕಿಬಿದ್ದೆ. ಮರಿ ಬೆಳೆದ ಮೇಲೆ ಎಷ್ಟು ತೂಕವಾಗುತ್ತದೆ ಎಂದು ಅದು ಮೊದಲೇ ಕೇಳುತ್ತದೆ. ಅಡರಕಟ್ಟಿಗೆ ಫೋನು ಮಾಡಿ ಪಾವ್ಯಾನ ಅಪ್ಪ ಹೇಗಿದ್ದ ಎಂದು ಕೇಳಿದೆ. ಚಿಗವ್ವ, "ಅವನು ಹೆಸರು ಹೇಳಿ ಹೋಗಿಲ್ಲವ್ವಾ," ಎಂದಳು.

ಇಷ್ಟೆಲ್ಲ ಇದ್ದರೂ ನನ್ನ ಕೋಷ್ಟಕದ ಮೊದಲ ಅಂಕಣ ಪ್ರೋಟೀನಿನದಲ್ಲ, ಸುಣ್ಣದ್ದೂ ಅಲ್ಲ. ಚುಕ್ಕಿಯದು.

ಆಯಿಗೆ ಅಕ್ಷರ ಓದಲು ಬರುವುದಿಲ್ಲ, ಚುಕ್ಕಿ ಓದಲು ಬರುತ್ತದೆ. ಬಿಸ್ಕೀಟು, ಚಾಕಲೇಟು, ಹಲ್ಲಿನ ಪೇಸ್ಟು, ಏನೇ ಹೊಸದು ಮನೆಗೆ ಬರಲಿ, ಅವಳು ಕೈ ಚಾಚುತ್ತಾಳೆ, ನಾವು ಪಾಕೀಟಿನ ಮೂಲೆಯ ಚುಕ್ಕಿ ತೋರಿಸುತ್ತೇವೆ. ಹಸಿರಾದರೆ ಒಳಗೆ, ಕೆಂಪಾದರೆ ಆಚೆ. ಕೊರಳಲ್ಲಿ ಲಿಂಗ ಕಟ್ಟಿಕೊಂಡವಳು, ಪೂಜೆಯಾಗದೆ ನೀರನ್ನೂ ಮುಟ್ಟದವಳು. ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಮೊಟ್ಟೆಯ ಸಿಪ್ಪೆ ಕೂಡ ಹೊಸ್ತಿಲು ದಾಟಲು ಬಿಟ್ಟವಳಲ್ಲ. ಅದು ಜಗಳದ ನೇಮವಲ್ಲ. ಬೇರೆಯವರು ತಿಂದರೆ ಅವಳಿಗೆ ಏನೂ ಅನಿಸುವುದಿಲ್ಲ. ಎದುರು ಮನೆಯ ಚಾಚಿ ಈದಿನ ದಿನ ನಮಗೆಂದೇ ಬೇರೆ ಪಾತ್ರೆಯಲ್ಲಿ ಮಾಡಿಟ್ಟ ಸುರಕುಂಬಾ ಪಾಯಸ ತಂದರೆ ಆಯಿ ಎದ್ದು ನಿಂತು ತೆಗೆದುಕೊಳ್ಳುತ್ತಾಳೆ. ಆದರೆ ನಮ್ಮ ಹೊಸ್ತಿಲು ನಮ್ಮದು. ಹಾಗಾಗಿ ನನ್ನ ಏಳು ಸಾಲುಗಳಲ್ಲಿ ಕೆಂಪು ಚುಕ್ಕಿಯ ನಾಲ್ಕನ್ನು, ಉಳಿದ ಅಂಕಣ ನೋಡುವ ಮೊದಲೇ, ಆಯಿಯ ಎದುರಿಗೇ ಅಳತೆಪಟ್ಟಿ ಇಟ್ಟು ಅಡ್ಡಗೆರೆ ಎಳೆದೆ. ನಾಯಿಯ ಊಟಕ್ಕೆ ನಾವು ಹಾಕಿದ ಮೊದಲ ಪ್ರಶ್ನೆ ನಾಯಿಯದಾಗಿರಲಿಲ್ಲ. ಅದು ನನಗೆ ಆಗ ಹೊಳೆಯಲೂ ಇಲ್ಲ. ಗೆರೆ ನೆಟ್ಟಗೆ ಬಂದಿತ್ತು, ಅಷ್ಟೇ ನೋಡಿದೆ.

ಉಳಿದ ಮೂರರಲ್ಲಿ ಒಳ್ಳೆಯದು ಬಂತು. ನವೆಂಬರ್ ಹನ್ನೊಂದು, ನಲವತ್ತು ಕಾಳು ಹಾಕಿದೆ, ನಲವತ್ತು ಉಳಿದವು. ಹನ್ನೆರಡು, ನೆನೆಸಿ ಹಾಕಿದೆ, ಹಾಗೆಯೇ ಉಳಿದು ಹುಳಿಯಾಯಿತು. ಹದಿಮೂರು, ಒಣದನ್ನೇ ನಲವತ್ತು ಹಾಕಿ ಕಾಲೇಜಿಗೆ ಹೋದೆ, ಬಂದು ಎಣಿಸಿದರೆ ಮೂವತ್ತೊಂದು. "ತಿಂದದ್ದು ೯" ಎಂದು ಬರೆದು, ಆ ಅಂಕಿಗೆ ಎರಡು ಅಡಿಗೆರೆ ಎಳೆದೆ. ಮರುದಿನ ಬೆಳಿಗ್ಗೆ ಮಂಚದಿಂದ ಇಳಿದ ಆಯಿ "ಹಾ" ಎಂದು ಕಾಲೆತ್ತಿದಳು. ಮಂಚದ ಕೆಳಗೆ ಎಂಟು ಕಾಳು ಸಾಲಾಗಿ ಇದ್ದವು, ಒಂಬತ್ತನೆಯದು ಅವಳ ಹಿಮ್ಮಡಿಗೆ ಚುಚ್ಚಿತ್ತು. ಒಂದಕ್ಕೂ ಹಲ್ಲು ತಾಗಿರಲಿಲ್ಲ. ಆಯಿ ಅವನ್ನು ಸೆರಗಿನಲ್ಲಿ ಆರಿಸಿಕೊಂಡು ಬಂದು, "ನಿನ್ನ ಲೆಕ್ಕ ತಗೋ," ಎಂದು ನನ್ನ ಪುಸ್ತಕದ ಮೇಲೆ ಸುರಿದಳು. ಆ ಸಂಜೆಯೇ ನಾನು ಒಂದನ್ನು ಬಾಯಿಗೆ ಹಾಕಿಕೊಂಡದ್ದು.

ಈ ನಡುವೆ ತೂಕ ಮಾತಾಡುತ್ತಿತ್ತು. ೧೩೫೦, ೧೩೬೦, ೧೩೩೦, ೧೩೦೦. ಪ್ರಯೋಗಾಲಯದಲ್ಲಿ ಅಂಕಿ ಇಳಿದರೆ ಎಲ್ಲೋ ಚೆಲ್ಲಿದೆ ಎಂದು ಅರ್ಥ. ಇಲ್ಲಿ ಏನೂ ಚೆಲ್ಲಿರಲಿಲ್ಲ, ಆದರೂ ಜೋಳಿಗೆ ಹಗುರಾಗುತ್ತಿತ್ತು. ಶನಿವಾರ ಮತ್ತೆ ಡಾಕ್ಟರ ಹತ್ತಿರ ಹೋದೆ. ಕೋಷ್ಟಕ ತೋರಿಸಿದೆ. ಅವರು ಅದನ್ನು ಪೂರ್ತಿ ಓದಿದರು, ಅದು ಅವರ ದೊಡ್ಡತನ. ಆಮೇಲೆ ಅಡ್ಡಗೆರೆ ಎಳೆದ ಒಂದು ಸಾಲಿನ ಮೇಲೆ ಬೆರಳಿಟ್ಟು ಇದನ್ಯಾಕ ಹೊಡದೀರಿ ಎಂದು ಕೇಳಿದರು. ಹೇಳಿದೆ. ಅವರು ನಗಲಿಲ್ಲ. ಹಸಿರು ಚುಕ್ಕಿಯದರ ಮೇಲೂ ಬೆಳೆದ ನಾಯಿಗಳಿವೆ, ಆದರೆ ಇದು ಅದನ್ನು ಬಾಯಿಗೇ ಹಾಕುತ್ತಿಲ್ಲ, ಒಳಗೆ ಹೋಗದ್ದು ಎಷ್ಟು ಒಳ್ಳೆಯದಿದ್ದರೇನು ಎಂದರು. ಕೊನೆಗೆ ಮಾತ್ರ ನಿಧಾನವಾಗಿ ಹೇಳಿದರು: "ಸಾವಿರದಾ ಎರಡನೂರರ ಕೆಳಗ ಇಳೀತಂದ್ರ, ನನ್ನ ಕೈಯಾಗೂ ಏನೂ ಉಳಿಯಂಗಿಲ್ರಿ."

ಆ ಸಂಜೆ ನಾನು ಹೇಡಿಯಾದೆ. ಆಯಿಗೆ ಹೇಳಲಿಲ್ಲ. ಕೆಂಪು ಚುಕ್ಕಿಯದನ್ನು ಗುಟ್ಟಾಗಿ ತಂದು ಡಬ್ಬಿಗೆ ಸುರಿದರೆ ಅವಳಿಗೆ ತಿಳಿಯುವುದಿಲ್ಲ ಎಂದು ಲೆಕ್ಕ ಹಾಕಿದೆ. ಡಬ್ಬಿಗೆ ಚುಕ್ಕಿ ಇರುವುದಿಲ್ಲ. ಅವ್ವನೂ ಅದನ್ನೇ ಅಂದಳು. ಆದರೆ ಪ್ರತಿದಿನ ಬಾಟಲಿಗೆ ಸರಿಯಾದ ಚೀಟಿ ಅಂಟಿಸುವುದೇ ಕೆಲಸವಾದವಳಿಗೆ ಆಯಿಗೆ ತಪ್ಪು ಚೀಟಿಯ ಡಬ್ಬಿ ಕೊಡಲು ಕೈ ಬರಲಿಲ್ಲ. ಅವಳಿಗೆ ಸುಳ್ಳು ಹೇಳುವುದೂ ಆಗದು, ಖರೆ ಹೇಳುವುದೂ ಆಗದು, ಹೀಗೆ ಒಂದು ದಿನ ಹಾಳು ಮಾಡಿದೆ. ಭಾನುವಾರದ ಪುಟದಲ್ಲಿ ತೂಕದ ಅಂಕಿಯೊಂದನ್ನು ಬಿಟ್ಟರೆ ಏನೂ ಇಲ್ಲ: ೧೨೬೦.

ನವೆಂಬರ್ ಹದಿನೇಳು, ಕಾರ್ತಿಕದ ಕೊನೆಯ ಸೋಮವಾರ. ಆಯಿಗೆ ಅದು ವರ್ಷದ ದೊಡ್ಡ ಉಪವಾಸ, ಸಂಜೆ ದೀಪ ಹಚ್ಚುವ ತನಕ ಏನೂ ತಿನ್ನುವುದಿಲ್ಲ. ಬೆಳಿಗ್ಗೆ ನಾನು ಕಾಟಾ ಇಳಿಸಿದೆ. ಕಾಟಾದ ಕೊಂಡಿ ಸದ್ದಾದರೆ ಪಾವ್ಯಾ ಎಲ್ಲಿದ್ದರೂ ಬಂದು ಜೋಳಿಗೆಯ ಅಂಚು ಕಚ್ಚುತ್ತಿದ್ದ. ಅಂದು ಬರಲಿಲ್ಲ. ಮನೆಯ ಮುಂದಿನ ಕಟ್ಟೆಯ ಮೇಲೆ, ಬಿಸಿಲಿನಲ್ಲಿ, ಒದ್ದೆ ಬಟ್ಟೆ ಬಿಟ್ಟ ಹಾಗೆ ಬಿದ್ದಿದ್ದ. ೧೨೨೦.

ಆಯಿ ಪೂಜೆ ಮುಗಿಸಿ, ವಿಭೂತಿ ಹಚ್ಚಿಕೊಂಡು ಹೊರಗೆ ಬಂದಳು. ಕಟ್ಟೆಯ ಮೇಲೆ ಕೂತು ಅವನನ್ನು ತೊಡೆಯ ಮೇಲೆ ಎತ್ತಿಕೊಂಡಳು. ಬೆಲ್ಲದ ನೀರಿನಲ್ಲಿ ಬೆರಳು ಅದ್ದಿ ಬಾಯೊಳಗೆ ಇಟ್ಟಳು. ಅವನು ನೆಕ್ಕಲಿಲ್ಲ. ಅವಳು ಮಕ್ಕಳ ಬಾಯಿ ನೋಡುವ ಹಾಗೆ ಹೆಬ್ಬೆರಳಿನಿಂದ ಅವನ ತುಟಿ ಸರಿಸಿ, ಬಿಸಿಲಿಗೆ ಹಿಡಿದು, ಬಹಳ ಹೊತ್ತು ನೋಡಿದಳು. ನಾನೂ ಬಗ್ಗಿ ನೋಡಿದೆ. ಅಕ್ಕಿಯ ನುಚ್ಚಿನಷ್ಟು ಸಣ್ಣ ಹಲ್ಲುಗಳು. ನಾಲ್ಕು ಮೂಲೆಗೆ ನಾಲ್ಕು ಮಾತ್ರ ಬೇರೆ: ಜಾಲಿಮುಳ್ಳಿನಂತೆ ಬಾಗಿ, ಚೂಪಾಗಿ, ಬೆಳ್ಳಗೆ. ಹತ್ತು ದಿನ ಈ ಮರಿಯನ್ನು ಗ್ರಾಂಗಳಲ್ಲಿ ಓದಿದವಳು ನಾನು. ಅದರ ಬಾಯಿ ತೆರೆದು ಒಮ್ಮೆಯೂ ನೋಡಿರಲಿಲ್ಲ.

"ಇಲ್ಲೆ ನೋಡವಾ," ಎಂದಳು ಆಯಿ. "ಇವು ರೊಟ್ಟಿ ತಿನ್ನಾಕ ಕೊಟ್ಟ ಹಲ್ಲಲ್ಲ. ಕೊಟ್ಟಾಂವಗ ತಿಳೀಲಾರದ್ದು ನನಗ ತಿಳದೈತೇನು?"

ಅವಳು ಬೆರಳನ್ನು ಸೀರೆಗೆ ಒರೆಸಿಕೊಂಡಳು.

"ಅಂಗಡಿ ತಗದಿರತಾವ. ಹೋಗಿ ಆ ಕೆಂಪ ಚುಕ್ಕಿದು ತಗೊಂಡ ಬಾ. ಹೊಸ್ತಿಲದ ಆಚಿಗೆ ಇರಲಿ. ಒಳಗ ನನ್ನ ಕಾಯಕ, ಹೊರಗ ಅವಂದು."

ನಾನು ಟಮ್‌ಟಮ್ ಆಟೋ ಹಿಡಿದು ಹೋದೆ. ಬೆಟಗೇರಿಯಿಂದ ಗದಗಿನ ಅಂಗಡಿಗೆ ಹದಿನಾಲ್ಕು ನಿಮಿಷ, ಅಲ್ಲಿ ಆರು ನಿಮಿಷ, ವಾಪಸು ಹದಿನೆಂಟು. ಅಡ್ಡಗೆರೆ ಎಳೆದ ನಾಲ್ಕರಲ್ಲಿ ಮೊದಲ ಹೆಸರೇ ಕೋಳಿ ಎಂದಿದ್ದ, ಮರಿಗಳಿಗೆಂದೇ ಮಾಡಿದ, ಸಣ್ಣ ಕಾಳಿನ ಒಂದು ಚೀಲ. ತಯಾರಿಸಿದ ದಿನ ನೋಡಲು ಮರೆಯಲಿಲ್ಲ. ಕಟ್ಟೆಯ ಮೇಲೆಯೇ ಬಿಸಿನೀರು ಹೊಯ್ದು ನೆನೆಸಿದೆ. ಹಬೆ ಎದ್ದಿತು, ವಾಸನೆ ಎದ್ದಿತು. ಅವ್ವ ಸೆರಗಿನಿಂದ ಮೂಗು ಮುಚ್ಚಿಕೊಂಡು ಒಳಗೆ ಹೋದಳು. ಆಯಿ ಹೋಗಲಿಲ್ಲ. ವರ್ಷದ ದೊಡ್ಡ ಉಪವಾಸದ ದಿನ, ಹಸಿದ ಹೊಟ್ಟೆಯಲ್ಲಿ, ಆ ವಾಸನೆಯ ನಡುವೆ ಅವನ ತಲೆ ಹಿಡಿದುಕೊಂಡು ಕೂತೇ ಇದ್ದಳು.

ಮೊದಲು ಎಚ್ಚರವಾದದ್ದು ಮೂಗು. ದೇಹವೆಲ್ಲ ಮಲಗಿಯೇ ಇದೆ, ಮೂಗಿನ ಎರಡು ತೂತು ಮಾತ್ರ ಎದ್ದು ಕೂತಿವೆ. ಆಮೇಲೆ ಒಂದು ಕಿವಿ, ಆಮೇಲೆ ಕತ್ತು. ಆಯಿ ಒಂದು ಕಾಳನ್ನು ಹಿಸುಕಿ ಅವನ ತುಟಿಗೆ ಸವರಿದಳು. ಅವಳೇ, ಅವಳ ಬೆರಳಿನಿಂದಲೇ. ನಾಲಿಗೆ ಬಂತು. ಇನ್ನೊಂದು. ಇನ್ನೊಂದು. ನಾನು ಎಣಿಸಿದೆ. ಇಪ್ಪತ್ತಾರು. ಇಪ್ಪತ್ತಾರನೆಯದು ಮುಗಿದ ಮೇಲೆ ಅವನು ಆಯಿಯ ಬೆರಳನ್ನೂ ತಿನ್ನಲು ನೋಡಿದ. ಆ ಜಾಲಿಮುಳ್ಳು ಚುಚ್ಚಿ ಒಂದು ಹನಿ ರಕ್ತ ಬಂತು. "ಹಿಂಗ ಆಗಬೇಕ," ಎಂದು ಆಯಿ ಎದ್ದು, ಬಚ್ಚಲಿಗೆ ಹೋಗಿ, ಇನ್ನೊಮ್ಮೆ ತಲೆಗೆ ನೀರು ಹಾಕಿಕೊಂಡು, ಇನ್ನೊಮ್ಮೆ ಪೂಜೆಗೆ ಕೂತಳು.

ಆಮೇಲಿನ ಪುಟಗಳನ್ನು ತಿರುವಿದರೆ ಈಗಲೂ ನನಗೆ ಮೈ ಝುಮ್ಮೆನ್ನುತ್ತದೆ. ೧೨೫೦. ೧೨೯೦. ೧೩೫೦. ವಾರಕ್ಕೆ ೧೬೨೦, ಇನ್ನೊಂದು ವಾರಕ್ಕೆ ಎರಡು ಕಿಲೋ ದಾಟಿತು. ಅಂಕಿ ಬಿಡಿ. ಒಂದು ಬೆಳಿಗ್ಗೆ ಅವನ ಎಡಗಿವಿ ನೆಟ್ಟಗೆ ನಿಂತಿತ್ತು. ಬಲಗಿವಿ ಇನ್ನೂ ಮಲಗಿತ್ತು. ನಾಲ್ಕು ದಿನ ಅವನು ಒಂದು ಪ್ರಶ್ನೆಚಿಹ್ನೆಯಂತೆ ಓಡಾಡಿದ. ಐದನೆಯ ದಿನ ಬಲಗಿವಿಯೂ ಎದ್ದಿತು. ಬೂದಿನೀಲಿ ಕಣ್ಣು ಯಾವ ದಿನ ಬೆಲ್ಲದ ಬಣ್ಣಕ್ಕೆ ತಿರುಗಿತೋ, ಎಷ್ಟು ಎಚ್ಚರದಿಂದ ಕಾದರೂ ನನ್ನ ಪುಸ್ತಕಕ್ಕೆ ಸಿಗಲಿಲ್ಲ.

ನಾನು ರಸಾಯನಶಾಸ್ತ್ರದ ನೆರಳಲ್ಲಿ ಬದುಕುವವಳು. ಪ್ರೋಟೀನು ಒಡೆದು ಸಣ್ಣ ಸಣ್ಣ ಕಣವಾಗುತ್ತದೆ, ದೇಹ ಆ ಕಣಗಳನ್ನು ಮತ್ತೆ ಪೋಣಿಸಿಕೊಳ್ಳುತ್ತದೆ ಎಂದು ಗೋಡೆಯ ಮೇಲಿನ ಚಿತ್ರದಲ್ಲಿ ದಿನಾ ನೋಡುತ್ತೇನೆ. ನಮ್ಮ ಹುಡುಗರು ನೀಲಿ ನೀರಿಗೆ ಬಿಳಿ ಪುಡಿ ಹಾಕಿ, ತಳದಲ್ಲಿ ಏನೋ ಕೂತರೆ ಅದನ್ನೇ ದೊಡ್ಡದು ಮಾಡಿ ರೆಕಾರ್ಡ್ ಬರೆಯುತ್ತಾರೆ. ಇಲ್ಲಿ ನಮ್ಮ ಕಟ್ಟೆಯ ಮೇಲೆ, ಗ್ಯಾಸಿಲ್ಲದೆ, ಬೀಕರಿಲ್ಲದೆ, ಒಂದೇ ಬಗೆಯ ಕಂದು ಕಾಳು ಬೆಳಿಗ್ಗೆ ಕಿವಿಯಾಗುತ್ತಿತ್ತು, ಮಧ್ಯಾಹ್ನ ಬಾಲವಾಗುತ್ತಿತ್ತು, ಸಂಜೆ ಹೊತ್ತಿಗೆ ಓಣಿಯ ತುದಿಯಲ್ಲಿ ನನ್ನ ಚಪ್ಪಲಿಯ ಸದ್ದು ಗುರುತಿಸುವ ಬುದ್ಧಿಯಾಗುತ್ತಿತ್ತು. ಯಾವ ಕಾಳು ಕಿವಿಗೆ ಹೋಗಬೇಕು, ಯಾವುದು ಉಗುರಿಗೆ ಎಂದು ಒಳಗೆ ಕೂತು ಪಾಲು ಮಾಡುವವರು ಯಾರು? ನನ್ನ ಕೋಷ್ಟಕದಲ್ಲಿ ಒಂಬತ್ತು ಅಂಕಣವಿತ್ತು, ಅವರ ಹತ್ತಿರ ಎಷ್ಟಿರಬೇಕು? ಅಪ್ಪನನ್ನು ಕೇಳಿದೆ. ಅವನು ಪಾವ್ಯಾನ ಬೆನ್ನ ಮೇಲೆ ಅಂಗೈ ಇಟ್ಟು, "ಎರಡು ಕಿಲೋ ಮುನ್ನೂರ," ಎಂದ. ಅವನ ಉತ್ತರ ಅಷ್ಟೇ. ಕಾಟಾ ಕೂಡ ಅದನ್ನೇ ಹೇಳಿತು. ಆದರೆ ಅಂಗೈಯನ್ನು ಅವನು ಬೇಗ ತೆಗೆಯಲಿಲ್ಲ, ಅದನ್ನೂ ಬರೆದುಕೊಂಡಿದ್ದೇನೆ.

ಡಿಸೆಂಬರಿನ ಒಂದು ಭಾನುವಾರ ಅಪ್ಪ ನನ್ನನ್ನು ಗಾಡಿಯ ಹಿಂದೆ ಕೂರಿಸಿಕೊಂಡು ಮಾಗಡಿ ಕೆರೆಗೆ ಹೋದ. ಚಳಿಗಾಲಕ್ಕೆ ಅಲ್ಲಿಗೆ ಹೆಬ್ಬಾತುಗಳು ಬರುತ್ತವೆ. ಬಿಳಿ ತಲೆಯ ಮೇಲೆ ಎರಡು ಕರಿ ಪಟ್ಟಿ, ನನ್ನ ಪುಸ್ತಕದ ಗೆರೆಗಳ ಹಾಗೆ. ಹಿಮಾಲಯದ ಆಚೆಯಿಂದ, ಮನುಷ್ಯನಿಗೆ ಉಸಿರು ಸಾಲದ ಎತ್ತರದಲ್ಲಿ ಹಾರಿ, ಶಿರಹಟ್ಟಿ ತಾಲೂಕಿನ ಒಂದು ಕೆರೆಗೆ ಇಳಿಯುತ್ತವೆ. ನಾನು ಎಣಿಸಲು ಶುರುಮಾಡಿದೆ. ನೂರಾ ನಲವತ್ತಕ್ಕೆ ಬಂದಾಗ ಒಂದು ಗುಂಪು ಎದ್ದು ಇನ್ನೊಂದು ಗುಂಪಿನೊಳಗೆ ಇಳಿಯಿತು. ಮತ್ತೆ ಒಂದರಿಂದ ಶುರು. ಮೂರು ಸಲ ಹೀಗಾಯಿತು. ದಂಡೆಯಲ್ಲಿ ಎಮ್ಮೆ ತೊಳೆಯುತ್ತಿದ್ದ ಊರಿನ ಹಿರಿಯರೊಬ್ಬರು ನೋಡಿ ನಗುತ್ತಿದ್ದರು. ಅವು ಹೊತ್ತು ಮುಳುಗಿದ ಮೇಲೆ ಹೊಲಗಳಿಗೆ ಹೋಗಿ, ಕಿತ್ತ ಮೇಲೆ ಮಣ್ಣಲ್ಲಿ ಉಳಿದ ಶೇಂಗಾ, ಎಳೆಯ ಹಸಿರು ಎಲ್ಲ ತಿಂದು, ಬೆಳಗಾದರೆ ನೀರಿಗೆ ವಾಪಸು ಬರುತ್ತವಂತೆ. ಅಪ್ಪ ಸುಮ್ಮನಿರಬಾರದೇ? ನಮ್ಮ ಹುಡುಗಿ ಒಂದು ನಾಯಿಮರಿಗೆ ಏನು ಹಾಕಬೇಕೆಂದು ತಿಳಿಯಲು ಏಳು ಚೀಲದ ಬೆನ್ನು ಓದಿದಳು ಎಂದು ಹೇಳಿಬಿಟ್ಟ. ಹಿರಿಯರು ಎಮ್ಮೆಯ ಬೆನ್ನು ತಿಕ್ಕುವುದನ್ನು ನಿಲ್ಲಿಸಿದರು.

"ಅಷ್ಟು ದೂರದಿಂದ ಬಂದಾವಲ್ಲರಿ ತಂಗಿ ಇವು," ಎಂದರು. "ನಮ್ಮ ಹೊಲದಾಗ ಶೇಂಗಾ ಐತಿ ಅಂತ ಯಾವ ಚೀಲದ ಮ್ಯಾಲ ಓದಿದ್ವು?"

ಕೆರೆಯ ತುಂಬ ಹಕ್ಕಿಗಳ ಕೂಗು, ನೂರಾರು ಗಂಟಲು ಒಟ್ಟಿಗೆ ಏನನ್ನೋ ಒಪ್ಪಿಕೊಳ್ಳುತ್ತಿರುವ ಹಾಗೆ. ಹಿಮದ ಬೆಟ್ಟ ದಾಟಿ ಬಂದ ರೆಕ್ಕೆಗಳಲ್ಲಿ ಈಗ ನಮ್ಮ ಎರೆಮಣ್ಣಿನ ಶೇಂಗಾ ಇದೆ. ಬೇಸಿಗೆ ಮೊದಲು ಅದೇ ಶೇಂಗಾ ಹಿಮಾಲಯ ದಾಟಿ ವಾಪಸು ಹೋಗುತ್ತದೆ. ಅಡರಕಟ್ಟಿಯ ಮರಿಯೊಂದು ಕೋಳಿಕಾಳಿನಿಂದ ಕಿವಿ ಮಾಡಿಕೊಂಡದ್ದಕ್ಕೆ ಬೆರಗಾಗಿದ್ದವಳು ನಾನು. ಜಗತ್ತೆಲ್ಲ ಅದೇ ಕೆಲಸ ಮಾಡುತ್ತಿದೆ ಎಂದು ಅಲ್ಲಿ ನಿಂತು ಗೊತ್ತಾಯಿತು. ಅಂದಿನ ಪುಟದಲ್ಲಿ "ಹೆಬ್ಬಾತು: ೧೪೦ಕ್ಕಿಂತ ಹೆಚ್ಚು" ಎಂದಿದೆ. ನನ್ನ ದಿನಚರಿಯಲ್ಲಿ "ಹೆಚ್ಚು" ಎಂಬ ಪದ ಅಂಕಿಯ ಪಕ್ಕದಲ್ಲಿ ಕೂತದ್ದು ಅದೇ ಮೊದಲು.

ಇನ್ನು ಚೀಲದ ಪ್ರಯಾಣ. ಇದನ್ನೂ ತಾರೀಖು ಸಮೇತ ಬರೆದಿಟ್ಟಿದ್ದೇನೆ, ಯಾಕೆಂದರೆ ಅದನ್ನು ಸರಿಸಿದವಳು ನಾನಲ್ಲ. ಕೆಂಪು ಚುಕ್ಕಿಯ ಚೀಲವನ್ನು ಅದರ ಬಾಯಿ ಮಡಚಿ, ಮುಚ್ಚಳದ ಬಕೀಟಿನಲ್ಲಿಟ್ಟಿದ್ದೆ. ನವೆಂಬರ್ ಹದಿನೇಳರಂದು ಆ ಬಕೀಟಿನ ಜಾಗ ಗೇಟಿನ ಪಕ್ಕದ ಕಲ್ಲು. ಇಪ್ಪತ್ತೊಂದರಂದು ಬೀದಿಯ ದನ ಮೂಸಿತೆಂದು ಕಟ್ಟೆಯ ಮೇಲೆ ಬಂತು. ಡಿಸೆಂಬರ್ ಮೂರರಂದು, ಬಿಸಿಲಿಗೆ ಎಣ್ಣೆ ಬಿಡುತ್ತದೆಂದು, ಕಟ್ಟೆಯ ಒಳಮೂಲೆಗೆ. ಹನ್ನೊಂದರಂದು ಬಾಗಿಲ ಪಕ್ಕಕ್ಕೆ, ಹೊಸ್ತಿಲಿಗೆ ತಾಗಿ. ಪ್ರತಿ ಸಲವೂ ಒಂದು ಕಾರಣ ಇರುತ್ತಿತ್ತು, ಪ್ರತಿ ಕಾರಣವೂ ಆಯಿಯದೇ. ದಿನಕ್ಕೆ ನಾಲ್ಕು ಸಲ ಬಟ್ಟಲು ತುಂಬುತ್ತಿದ್ದದ್ದೂ ಅವಳೇ. ತುಂಬಿ, ಕೈ ತೊಳೆದು, ಒಳಗೆ ಹೋಗುತ್ತಿದ್ದಳು. ಕೊನೆಯ ಹಿಟ್ಟಿನ ಪುಟ್ಟ ರೊಟ್ಟಿಯೂ ನಿಂತಿಲ್ಲ. ಈಗ ಪಾವ್ಯಾ ಅದನ್ನೂ ತಿನ್ನುತ್ತಾನೆ. ಗಟ್ಟಿಯಾದ ಹೊಟ್ಟೆಗೆ ರೊಟ್ಟಿಯ ರುಚಿ ತಿಳಿದಿದೆ.

ಡಿಸೆಂಬರ್ ಇಪ್ಪತ್ತೆರಡು, ಸೋಮವಾರ. ಎರಡು ದಿನದಿಂದ ಇಬ್ಬನಿ ಬೀಳುತ್ತಿತ್ತು. ಕಾಲೇಜಿನಿಂದ ಬಂದು ನೋಡಿದರೆ ಬಾಗಿಲ ಪಕ್ಕದಲ್ಲಿ ಬಕೀಟಿಲ್ಲ. ಯಾರೋ ಒಯ್ದರು ಎಂದುಕೊಂಡೆ. ಕಟ್ಟೆಯ ಹಿಂದೆ, ಬಚ್ಚಲ ಬಳಿ ಎಲ್ಲ ಹುಡುಕಿದೆ. ಪಡಸಾಲೆಗೆ ಬಂದರೆ ಆಯಿಯ ಮಂಚದ ಕೆಳಗೆ, ಹಿಂದೆ ಒಂಬತ್ತು ಕಾಳು ಸಿಕ್ಕಿದ್ದಲ್ಲಿಯೇ, ಬಕೀಟು ಕೂತಿತ್ತು. ಮೇಲೆ ಜೋಳಿಗೆಯಾಗಿದ್ದ ಇಳಕಲ್ಲ ಸೀರೆಯ ತುಂಡು ಹೊದಿಸಿತ್ತು. ಅದಕ್ಕೆ ಒರಗಿ ಪಾವ್ಯಾ ಮಲಗಿದ್ದ. ಮೂರು ಕಿಲೋ ಆರುನೂರರ ಅವನಿಗೆ ಆ ಜೋಳಿಗೆ ಈಗ ಸಾಲುವುದಿಲ್ಲ.

ನಾನು ಆಯಿಯ ಮುಖ ನೋಡಿದೆ. ಅವಳು ಬತ್ತಿ ಹೊಸೆಯುತ್ತಿದ್ದಳು, ಕಣ್ಣೆತ್ತಲಿಲ್ಲ.

"ಇಬ್ಬನಿಗಿ ಮೆತ್ತಗಾಗತಾವ," ಎಂದಳು. "ಅಡಗಿ ಮನಿ ಕಡೆ ಮಾತ್ರ ನೋಡಬ್ಯಾಡ. ಬಕೀಟ ಅಲ್ಲಿಗಿ ಬರಂಗಿಲ್ಲ."

ನಾನು ಟೇಪು ತಂದು ಅಳೆದೆ. ಬಾಗಿಲ ಪಕ್ಕದಿಂದ ಮಂಚದ ಕೆಳಗಿನವರೆಗೆ ಮೂರು ಮೀಟರ್ ನಲವತ್ತು ಸೆಂಟಿಮೀಟರ್. ನಡುವೆ ಒಂದು ಹೊಸ್ತಿಲು, ಎತ್ತರ ಹದಿನೆಂಟು ಸೆಂಟಿಮೀಟರ್. ಹೆಬ್ಬಾತುಗಳ ಪುಟದ ಎದುರು ಪುಟ ಖಾಲಿಯಿತ್ತು, ಇದನ್ನು ಅಲ್ಲಿಯೇ ಬರೆದೆ. ಅವು ಹಿಮಾಲಯ ದಾಟಲು ಎಷ್ಟು ಎತ್ತರಕ್ಕೆ ಏರುತ್ತವೆಂದು ಪುಸ್ತಕಗಳಲ್ಲಿ ಸಿಗುತ್ತದೆ. ಎಪ್ಪತ್ತೆಂಟು ವರ್ಷದ ಆಯಿ ಆ ಬಕೀಟನ್ನು ಎತ್ತಿಕೊಂಡು ಹದಿನೆಂಟು ಸೆಂಟಿಮೀಟರ್ ದಾಟಲು ಎಷ್ಟು ಎತ್ತರಕ್ಕೆ ಏರಿದಳೋ, ಅದನ್ನು ಅಳೆಯುವ ಟೇಪು ನಮ್ಮ ಮನೆಯಲ್ಲಿಲ್ಲ.